ಕಲಬುರಗಿಯ ಜನಾನಾದಲ್ಲಿ ಕೂತು ನೋಡಿದ ನನ್ನದೇ ಸಿನಿಮಾ

ಪರದೇಶಕ್ಕೆ ಹೋಗಿ ಬಂದೆ ಎಂದರೆ ಧಾರವಾಡದ ನನ್ನ ಗೆಳತಿಯರು ನಗುತ್ತಾರೆ. ಹಡಗು ಹತ್ತಲಿಲ್ಲ, ಸಮುದ್ರ ಕಾಣಲಿಲ್ಲ, ಹೋದದ್ದು ಕಲಬುರಗಿಗೆ, ಅಲ್ಲಿಂದ ಕಮಲಾಪುರಕ್ಕೆ. ಆದರೆ ಹೀಗೆ ನಗುವವರೇ ಆ ಸೀಮೆಗೆ ಇನ್ನೂ ಮೊಗಲಾಯಿ ಎನ್ನುತ್ತಾರೆ. ಅಲ್ಲಿಗೆ ಹೆಣ್ಣು ಕೊಡುವ ಮಾತು ಬಂದರೆ ನೂರು ಸಲ ಯೋಚಿಸುತ್ತಾರೆ. ಹೈದರಾಬಾದು ಸಂಸ್ಥಾನ ಹಿಂದುಸ್ಥಾನಕ್ಕೆ ಸೇರಿ ವರ್ಷಗಳಾದರೂ ರೈಲು ಇಳಿದವರ ಗಂಟು ಬಿಚ್ಚಿಸಿ ನೋಡುವ ಸುಂಕದವರು ಅಲ್ಲಿ ಇದ್ದಾರೆ. ಗಂಟು ಬಿಚ್ಚಿ ತೋರಿಸಿ ಒಳಗೆ ಹೋಗಬೇಕಾದ ಊರು ಪರದೇಶವಲ್ಲದೆ ಮತ್ತೇನು? ಯಾವ ರೈಲು, ಎಷ್ಟು ಗಂಟೆಗೆ, ಟಿಕೀಟು ಎಷ್ಟು ಎಂದು ಕೇಳುವವರು ಸ್ಟೇಷನ್ನಿಗೆ ಹೋಗಿ ಕೇಳಲಿ.

ನಾನು ಹೋದದ್ದು ಊರು ನೋಡಲಿಕ್ಕಲ್ಲ, ಜಗಳದ ಮೇಲೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ಬರೆಯುತ್ತ ಇದ್ದವಳು ನಾನು. ಎರಡು ವರ್ಷದ ಹಿಂದೆ 'ಹಾಕಿದ ಅಗಳಿ' ಎಂಬ ಕಾದಂಬರಿ ಬರೆದೆ. ನಿಜಾಮನ ಆಡಳಿತದ ಕೊನೆಗೆ, ಗದ್ದಲದ ವರ್ಷದಲ್ಲಿ, ಹೈದರಾಬಾದು ಸೀಮೆಯ ಹಳ್ಳಿಯ ಒಬ್ಬ ತಾಯಿ. ಬಾಗಿಲು ಬಡಿದ ಸಪ್ಪಳವಾದರೆ ಸಾಕು, ಕೂಸು ಅಳಬಾರದೆಂದು ಎರಡೂ ಕೈಯಿಂದ ಅದರ ಬಾಯಿ ಮುಚ್ಚುತ್ತಾಳೆ. ಗದ್ದಲ ಮುಗಿಯುತ್ತದೆ, ಹಿಂದುಸ್ಥಾನದ ಸೈನ್ಯ ಬಂದು ಪೋಲೀಸ್ ಕಾರ್ಯಾಚರಣೆಯೂ ಆಗಿಹೋಗುತ್ತದೆ, ಆದರೆ ಆ ಕೈಗಳಿಗೆ ಸುದ್ದಿ ಮುಟ್ಟುವುದಿಲ್ಲ. ಹಾಲಿನವ ಬಡಿದರೂ ಮುಚ್ಚುತ್ತಾಳೆ, ಟಪಾಲಿನವ ಬಡಿದರೂ ಮುಚ್ಚುತ್ತಾಳೆ, ಪ್ರತಿ ಸಲವೂ ಇನ್ನಷ್ಟು ಹೊತ್ತು. ಕಥೆಯಲ್ಲಿ ದೆವ್ವವಿಲ್ಲ. ಬಡಿದವರು ಯಾರೆಂದು ನಾನು ಎಲ್ಲಿಯೂ ಹೇಳಲಿಲ್ಲ. ಮದರಾಸಿನಲ್ಲಿ ಅದನ್ನು ಸಿನಿಮಾ ಮಾಡಿದರು, ಅವರೂ ಹೇಳಲಿಲ್ಲ.

ಸಿನಿಮಾ ನಮ್ಮ ಕಡೆ ಬಂದ ವಾರವೇ ವಿಮರ್ಶಕರು ಮೈಮೇಲೆ ಬಂದರು. ಹುಬ್ಬಳ್ಳಿಯ ದಿನಪತ್ರಿಕೆಯವರು, ದೆವ್ವ ತೋರಿಸದೆ ಹೆದರಿಸಲು ಹೊರಟದ್ದು ಮೋಸ ಎಂದರು. ಬೆಂಗಳೂರಿನ ಮಾಸಪತ್ರಿಕೆಯವರು ಇದು ಸಿನಿಮಾ ಅಲ್ಲ, ಹುಚ್ಚರ ಡಾಕ್ಟರ ಟಿಪ್ಪಣಿ ಎಂದರು. ಧಾರವಾಡದ ವಾರಪತ್ರಿಕೆಯಲ್ಲಿ ಬರೆದವರು ಕಾಲೇಜಿನಲ್ಲಿ ನನಗೆ ಪಾಠ ಹೇಳಿದ ಗುರುಗಳು. ಇಂಥ ತಾಯಿ ಕನ್ನಡ ನಾಡಿನಲ್ಲಿ ಎಲ್ಲಿಯೂ ಇಲ್ಲ, ಇದ್ದರೆ ಲೇಖಕಿ ಕರೆತಂದು ತೋರಿಸಲಿ ಎಂದು ಅವರು ಬರೆದರು. ಬಾಗಿಲು ಬಡಿದವನು ಯಾರು ಎಂಬ ಪ್ರಶ್ನೆಯಂತೂ ಮೂವರದೂ. ಗುರುಗಳ ಲೇಖನ ಓದಿದ ದಿನ ನಾನು ಊಟ ಮಾಡಲಿಲ್ಲ. ದುಃಖಕ್ಕಲ್ಲ, ಸಿಟ್ಟಿಗೆ.

ಅದರ ಬೆನ್ನಿಗೆ ಮದರಾಸಿನಿಂದ ನಿರ್ಮಾಪಕರ ಕಾಗದ ಬಂತು. ಸಿನಿಮಾ ಇನ್ನು ಕಲಬುರಗಿಯಲ್ಲಿ ಒಂದು ವಾರ ಓಡುತ್ತದೆ, ಅಷ್ಟರೊಳಗೆ ಎರಡರಲ್ಲಿ ಒಂದಕ್ಕೆ ಒಪ್ಪಿ ಸಹಿ ಮಾಡಿ ಕಳಿಸಿರಿ ಎಂದಿದ್ದರು. ಒಂದು, ಹೊಸದಾಗಿ ಕೊನೆಯ ರೀಲು ತೆಗೆಯುವುದು: ಬಾಗಿಲು ತೆರೆಯುತ್ತದೆ, ಹೊರಗೆ ದೆವ್ವ ನಿಂತಿರುತ್ತದೆ, ಒಬ್ಬ ಸ್ವಾಮಿ ಬಂದು ವಿಭೂತಿ ಎರಚಿ ಅದನ್ನು ಓಡಿಸುತ್ತಾನೆ. ಇಲ್ಲವೇ ಎರಡು, ಇದು ನಡೆದ ಸಂಗತಿ ಎಂದು ಪತ್ರಿಕೆಗಳಿಗೆ ಹೇಳಿ, ಆ ಹೆಂಗಸಿನ ಹೆಸರು, ಫೋಟೋ ಕೊಡುವುದು. ಆಗ ವಿಮರ್ಶಕರ ಬಾಯಿ ತಾನೇ ಮುಚ್ಚುತ್ತದೆ. ಕಾಗದದ ಜೊತೆ ಪಾರ್ಸಲ್ಲಿನಲ್ಲಿ ಒಂದು ಡಬ್ಬಿ ಕ್ಯಾಮರಾ ಕೂಡ ಇತ್ತು. ಅಂಥ ಹೆಂಗಸು ನಿಜವಾಗಿ ಇದ್ದಾಳೆಂದು ಒಮ್ಮೆ ಅವರೆದುರು ಬಾಯಿ ಬಿಟ್ಟ ತಪ್ಪು ನನ್ನದೇ.

ಅವಳು ಇದ್ದಾಳೆ. ನನ್ನ ಒಡಹುಟ್ಟಿದ ಅಕ್ಕ ಗಂಗಕ್ಕ, ಕಮಲಾಪುರಕ್ಕೆ ಕೊಟ್ಟವಳು. ಅವಳ ಬದುಕನ್ನು ತೆಗೆದುಕೊಂಡು ಪುಸ್ತಕ ಮಾಡಿದೆ, ಅವಳಿಗೆ ಒಂದು ಮಾತು ತಿಳಿಸಿರಲಿಲ್ಲ. ಈಗ ಅವಳ ಮುಖವನ್ನೂ ಕೇಳಲು ಹೊರಟಿದ್ದೆ. ಬೇರೆಯವರ ಮೇಲಿನ ಸಿಟ್ಟಿನ ಕೆಳಗೆ ನನ್ನ ಮೇಲಿನ ನಾಚಿಕೆಯೂ ಇತ್ತು, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಹೋಟಗಿ

ಹೋಟಗಿಯಲ್ಲಿ ಸಣ್ಣ ಗಾಡಿ ಇಳಿದು ದೊಡ್ಡ ಗಾಡಿ ಹತ್ತಬೇಕು. ನಡುವೆ ಕಾಯುವುದೇ ಅಲ್ಲಿಯ ಮುಖ್ಯ ಕೆಲಸ. ಬಾಕಿನ ಮೇಲೆ ನನ್ನ ಪಕ್ಕ ವಿಜಯಪುರದ ಒಬ್ಬ ಹೆಂಗಸು ರೊಟ್ಟಿ ಗಂಟು ಬಿಚ್ಚಿ ಕೂತಿದ್ದಳು. ಕೇಳದೆಯೇ ನನ್ನ ಕೈಗೆ ಒಂದು ರೊಟ್ಟಿ, ಶೇಂಗಾ ಹಿಂಡಿ ಇಟ್ಟಳು. ಮಾತು ಸಿನಿಮಾಕ್ಕೆ ತಿರುಗಿತು. ಹೋದ ತಿಂಗಳು ತಾನು ನೋಡಿದ ಸಿನಿಮಾದ ಕಥೆ ಹೇಳತೊಡಗಿದಳು. ಎರಡು ಮಾತಿಗೇ ಗೊತ್ತಾಯಿತು, ನನ್ನದೇ.

ಬರೆದವಳು ನಾನು ಎಂದು ಹೇಳಲಿಲ್ಲ. ಹೇಳಿದ್ದರೆ ಅಂಥ ಕಥೆ ಕೇಳುವ ಭಾಗ್ಯ ತಪ್ಪುತ್ತಿತ್ತು. ಅವಳು ಹೇಳಿದ ಸಿನಿಮಾದಲ್ಲಿ ಬಾಗಿಲ ಹೊರಗೆ ಒಬ್ಬ ಎತ್ತರದ ಗಂಡಸು ನಿಂತಿದ್ದ, ಅವನ ಕೈಯಲ್ಲಿ ಲಾಟೀನು ಇತ್ತು. ಸಿನಿಮಾದಲ್ಲಿ ಅಂಥವನು ಯಾರೂ ಇಲ್ಲ ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ನೀವು ಕಣ್ಣು ಮುಚ್ಚಿರಬೇಕ್ರಿ. ನಾ ನೋಡೇನಿ. ಅವನ ಮೀಸಿ ಖರೇನ ನಮ್ಮ ಮಾವನ ಮೀಸಿ ಇದ್ದಂಗ ಇತ್ತು."

ಹುಬ್ಬಳ್ಳಿಯ ವಿಮರ್ಶಕರಿಗೆ ಕಾಣದ ದೆವ್ವ ಇವಳಿಗೆ ಕಂಡಿತ್ತು, ಅದೂ ಮೀಸೆ ಸಮೇತ. ರೊಟ್ಟಿ ಬಹಳ ರುಚಿಯಾಗಿತ್ತು.

ಕಲಬುರಗಿ ಸ್ಟೇಷನ್ನು

ಸ್ಟೇಷನ್ನಿನ ಫಲಕದ ಮೇಲೆ ಊರಿನ ಹೆಸರು ಉರ್ದುವಿನಲ್ಲಿ ಮೊದಲು, ಆಮೇಲೆ ಉಳಿದವು. ಸುಂಕಕ್ಕೆ ಅಲ್ಲಿ ಕರೋಡಗಿರಿ ಎನ್ನುತ್ತಾರೆ. ಕರೋಡಗಿರಿಯ ಅಧಿಕಾರಿ ವಯಸ್ಸಾದವರು, ಕೂದಲಿಗೆ ಮದರಂಗಿ ಹಚ್ಚಿದ್ದರು. ನನ್ನ ಟ್ರಂಕಿನೊಳಗಿನ ಸೀರೆಗಳನ್ನು ಎತ್ತಿ ನೋಡಲು ಅವರಿಗೇ ಸಂಕೋಚ, ಕಣ್ಣು ಆಚೆ ಮಾಡಿಕೊಂಡು ಕೈಯಾಡಿಸಿದರು. ಕೈಗೆ ಕಾದಂಬರಿಯ ಪ್ರತಿಗಳು ಸಿಕ್ಕವು. ಇದು ಏನು ಎಂದು ಕೇಳಿದರು. ಪುಸ್ತಕ ಎಂದೆ. ಮಾರಲಿಕ್ಕೆ ತಂದದ್ದೋ ಎಂದರು, ಅಲ್ಲ ಎಂದೆ. ಒಳಗೆ ಏನಿದೆ ಎಂದು ಕೇಳಿದಾಗ ನನಗೆ ಪ್ರಯಾಣದ ದಣಿವು ತಲೆಗೇರಿತ್ತು, ಹೆದರಿಕೆ ಇದೆ ಎಂದುಬಿಟ್ಟೆ. ಅವರು ಪುಸ್ತಕವನ್ನು ಮೆಲ್ಲಗೆ ಟ್ರಂಕಿನಲ್ಲಿಟ್ಟರು.

"ಹೆದರಿಕಿಗಿ ಕರೋಡಗಿರಿ ಇಲ್ರೀ ಬಾಯಿ. ಅದು ನಮ್ಮಲ್ಲೇ ಬೇಕಾದಷ್ಟು ಅದ."

ನಕ್ಕರೋ ಇಲ್ಲವೋ ಮೀಸೆಯ ಮರೆಯಲ್ಲಿ ತಿಳಿಯಲಿಲ್ಲ. ಕ್ಯಾಮರಾ ಕಂಡದ್ದೇ ಟೊಪ್ಪಿಗೆ ಸರಿಮಾಡಿಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಂತರು. ಅದು ಕೆಲಸ ಮಾಡುತ್ತದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳಬೇಕೆಂಬುದು ಅವರ ಸಬೂಬು. ಕಲಬುರಗಿಯಲ್ಲಿ ನಾನು ತೆಗೆದ ಮೊದಲ ಫೋಟೋ ಸರಕಾರದ್ದು.

ಶಹಾಬಜಾರ

ನಾನು ಇಳಿದುಕೊಂಡದ್ದು ನನ್ನ ಸಿನಿಮಾ ಬರುವ ಟಾಕೀಸಿನ ಮ್ಯಾನೇಜರು ಕರೀಂ ಸಾಹೇಬರ ಮನೆಯಲ್ಲಿ, ಶಹಾಬಜಾರದ ಓಣಿಯಲ್ಲಿ. ಎದುರಿಗೆ ಎಮ್ಮೆ ಬಂದರೆ ಟಾಂಗಾ ಹಿಂದಕ್ಕೆ ಹೋಗಬೇಕು, ಅಷ್ಟು ಸಣ್ಣ ಓಣಿ. ನಮ್ಮದೂ ಹಿಂದಕ್ಕೆ ಹೋಯಿತು. ಅವರ ಬೇಗಂ ಸಾಹೇಬರು ನನಗೆ ಒಳಗಿನ ಕೋಣೆ ಕೊಟ್ಟು, ನಾನು ಲಿಂಗಾಯತಳೆಂದು ತಿಳಿದದ್ದೇ ಪಕ್ಕದ ಲಿಂಗಾಯತರ ಮನೆಯಿಂದ ಅಡಿಗೆ ತರಿಸಿ, ಅದನ್ನು ನನಗೆ ಕೇಳಿಸದಂತೆ ಮಾಡಿದರು. ಧಾರವಾಡದಲ್ಲಿ ನಾವು ಇಂಥ ಉಪಕಾರ ಮಾಡಿದರೆ ಓಣಿಗೆಲ್ಲ ಕೇಳಿಸುವಂತೆ ಮಾಡುತ್ತೇವೆ.

ಕರೀಂ ಸಾಹೇಬರಿಗೆ ನಮ್ಮ ಪತ್ರಿಕೆಗಳ ವಿಮರ್ಶೆಯ ಗೊಡವೆಯಿಲ್ಲ. ಅವರಲ್ಲಿ ಲೆಕ್ಕಕ್ಕೆ ಬರುವುದು ಜನಾನಾ. ಅವರ ಟಾಕೀಸಿನಲ್ಲಿ ಬಲಗಡೆ ಗೋಡೆಗೆ ಹೊಂದಿ, ಮರದ ಕಟಾಂಜನದ ಹಿಂದೆ ಹೆಂಗಸರು ಕೂರುತ್ತಾರೆ, ಅದಕ್ಕೆ ಜನಾನಾ ಎಂದು ಹೆಸರು. ಎದುರಿಗೆ ಕರಿಯ ಪರದೆ. ದೀಪ ಆರಿದ ಮೇಲೆ ಪರದೆ ಸರಿಸಬೇಕು, ದೀಪ ಹತ್ತುವ ಮೊದಲು ಎಳೆಯಬೇಕು, ಗಂಡಸರ ಕಣ್ಣಿಗೆ ಹೆಂಗಸರು ಕಾಣಬಾರದು. ಈ ಕೆಲಸಕ್ಕೆ ಹುಸೇನಬಿ ಎಂಬ ಹೆಂಗಸು ಇದ್ದಾಳೆ. ಟಾಕೀಸು ಶುರುವಾದ ದಿನದಿಂದ ಅವಳೇ. ಗದ್ದಲದ ವರ್ಷದಲ್ಲಿ ಸುದ್ದಿ ಬಂದು ಆಟ ಅರ್ಧಕ್ಕೆ ನಿಂತಾಗಲೂ ಮೊದಲು ಪರದೆ ಎಳೆದು, ಆಮೇಲೆ ಬಾಗಿಲ ಕಡೆ ಓಡಿದವಳು ಎಂದು ಸಾಹೇಬರು ಹೆಮ್ಮೆಯಿಂದ ಹೇಳಿದರು. ಮೊದಲ ಆಟ ಮುಗಿದ ಮೇಲೆ ಹುಸೇನಬಿ ಬಂದು ಜನಾನಾ ಏನಂದಿತು ಎಂದು ಹೇಳುತ್ತಾಳೆ. ಅವಳ ಮಾತಿನ ಮೇಲೆ ಸಿನಿಮಾ ಉಳಿಯುತ್ತದೆ, ಇಲ್ಲವೇ ಡಬ್ಬಿ ಸೇರುತ್ತದೆ.

ಹೆಂಗಸರನ್ನು ಪರದೆಯ ಹಿಂದೆ ಕೂಡಿಸುವ ಊರನ್ನು ಕುರಿತು ನಾಲ್ಕು ಚುಚ್ಚು ಮಾತು ಬರೆಯಬೇಕೆಂದು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಅದೇ ಹೊತ್ತಿಗೆ ನಮ್ಮ ಊರಿನ ಟಾಕೀಸು ನೆನಪಾಯಿತು. ನಾವು ಗಂಡಸರ ಪಕ್ಕದಲ್ಲಿಯೇ ಕೂರುತ್ತೇವೆ ನಿಜ. ಆದರೆ ನಗುವ ಮೊದಲು ಒಮ್ಮೆ, ಅಳುವ ಮೊದಲು ಒಮ್ಮೆ ಅವರ ಮುಖ ನೋಡುತ್ತೇವೆ. ಚುಚ್ಚು ಮಾತನ್ನು ಅಲ್ಲಿಗೇ ಬಿಟ್ಟೆ.

ಕರೀಂ ಸಾಹೇಬರೂ ಕೊನೆಗೆ ಆ ಪ್ರಶ್ನೆ ಕೇಳಿಯೇ ಕೇಳಿದರು. ಬಹಳ ಮರ್ಯಾದೆಯಿಂದ, ಚಹಾದ ಬಸಿಯನ್ನು ನನ್ನ ಕಡೆ ಸರಿಸುತ್ತ, ಬಾಗಿಲು ಬಡಿದವರು ಯಾರು ಎಂದು. ಇದು ಅವರಿಗೆ ಸಾಹಿತ್ಯದ ಪ್ರಶ್ನೆಯಾಗಿರಲಿಲ್ಲ. ಟಾಕೀಸಿನ ಹಾಲಿನಲ್ಲಿ ಎಡಕ್ಕೆ ಹಿಂದೂಗಳು, ಬಲಕ್ಕೆ ಮುಸಲ್ಮಾನರು ಕೂತು ನೋಡುತ್ತಾರೆ. ಒಬ್ಬರ ಕಡೆ ಬೆರಳು ಮಾಡಿದರೂ ಕುರ್ಚಿ ಮುರಿಯುತ್ತವೆ ಎಂಬ ಚಿಂತೆ. ನಾನು ಯಾರ ಹೆಸರನ್ನೂ ಹೇಳಿಲ್ಲ ಎಂದೆ. ಅದೇ ತಮಗೆ ಹೆಚ್ಚಿನ ಹೆದರಿಕೆ ಎಂದರು ಅವರು.

ಕಮಲಾಪುರ

ಕಮಲಾಪುರದ ಬಾಳೆಹಣ್ಣು ಕೆಂಪಗೆ ಇರುತ್ತದೆ. ನಾನು ಹತ್ತಿದ ಬಸ್ಸಿನ ಮಾಡಿನ ಮೇಲೆ ಖಾಲಿ ಬುಟ್ಟಿಗಳು, ಎದುರಿಗೆ ಬಂದ ಬಸ್ಸಿನ ಮಾಡಿನ ಮೇಲೆ ತುಂಬಿದ ಬುಟ್ಟಿಗಳು. ಅಕ್ಕನ ಗಂಡನ ಮನೆಯವರದೂ ಊರ ಹೊರಗೆ ಬಾಳೆಯ ತೋಟವಿದೆ. ಭಾವ ತೋಟದಲ್ಲಿಯೇ ಹೆಚ್ಚು ಹೊತ್ತು ಇರುತ್ತಾರೆ, ಆಗಲೂ ಹಾಗೆಯೇ ಇದ್ದರು.

ಅಕ್ಕನ ಮನೆಯ ಮುಂದೆ ನಿಂತು ನಾನು ಬಾಗಿಲು ಬಡಿದೆ.

ಓಣಿಯೇ ಸ್ತಬ್ಧವಾಯಿತು. ಎದುರು ಮನೆಯಲ್ಲಿ ರೊಟ್ಟಿ ತಟ್ಟುವ ಸಪ್ಪಳ ನಡುವೆಯೇ ನಿಂತಿತು. ಪಕ್ಕದ ಮನೆಯ ಕಿಟಕಿ ಮುಚ್ಚಿತು. ಅಕ್ಕನ ಮನೆಯ ಒಳಗಿಂದ ಉಸಿರೂ ಕೇಳಲಿಲ್ಲ. ನನಗೆ ಅರ್ಥವಾಗದೆ ಇನ್ನೊಮ್ಮೆ ಬಡಿದೆ. ಆಗ ಹಿಂದಿನಿಂದ ಒಬ್ಬ ಮುದುಕ ಬಂದು, ಸಿಟ್ಟು ಮಾಡದೆ, ಹೊಸಬಳಿಗೆ ದಾರಿ ಹೇಳುವಂತೆ ಹೇಳಿದ.

"ಈ ಓಣ್ಯಾಗ ಬಾಗಲಾ ಬಡಿಯಂಗಿಲ್ಲ ತಂಗಿ. ಹೊರಗ ನಿಂತು ನಿನ್ನ ಹೆಸರು ಹೇಳಿ ಕರಿ. ಯಾರು, ಯಾಕ ಬಂದೀನಿ ಅಂತ ಮೊದಲೇ ಹೇಳಬೇಕು."

ನಾನು ನಡುಬೀದಿಯಲ್ಲಿ ನಿಂತು, ಹರಾಜು ಕೂಗುವವಳ ಹಾಗೆ, ನಾನು ಸುಶೀಲಾ, ಧಾರವಾಡದಿಂದ ಬಂದಿದ್ದೇನೆ, ಅಕ್ಕನನ್ನು ನೋಡಲಿಕ್ಕೆ ಎಂದು ಕೂಗಿ ಹೇಳಿದೆ. ಎದುರು ಮನೆಯ ರೊಟ್ಟಿ ಮತ್ತೆ ಶುರುವಾಯಿತು. ಬಾಗಿಲು ತೆರೆಯಿತು. ಬಾಗಿಲು ಬಡಿಯುವ ಭಯದ ಮೇಲೆ ಇಡೀ ಕಾದಂಬರಿ ಬರೆದವಳು, ಆ ಭಯ ಇದ್ದ ಓಣಿಗೇ ಬಂದು ಎರಡು ಸಲ ಬಾಗಿಲು ಬಡಿದಿದ್ದೆ. ಮುಖ ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಅಕ್ಕ ನನ್ನನ್ನು ಬೈಯಲಿಲ್ಲ. ಕೈಕಾಲಿಗೆ ನೀರು ಕೊಟ್ಟಳು. ಅವಳ ಮಗಳು ಶಾರದಾಗೆ ಈಗ ಹನ್ನೊಂದು ವರ್ಷ, ಗದ್ದಲದ ವರ್ಷದಲ್ಲಿ ಐದು. ಕಾರ್ಯಾಚರಣೆ ಮುಗಿದ ಕೆಲವು ತಿಂಗಳಿಗೆ ನಾನು ಇಲ್ಲಿಗೆ ಬಂದಿದ್ದಾಗ ಟಪಾಲಿನವ ಬಾಗಿಲು ಬಡಿದಿದ್ದ. ಅಕ್ಕ ಹಾರಿಬಿದ್ದು ಎರಡೂ ಕೈಯಿಂದ ಈ ಹುಡುಗಿಯ ಬಾಯಿ ಮುಚ್ಚಿದ್ದನ್ನು ಆಗ ಕಂಡಿದ್ದೆ. ಆ ಕೈ ಸಡಿಲಲು ಬಹಳ ಹೊತ್ತು ಹಿಡಿಯಿತು. ನನ್ನ ಪುಸ್ತಕ ಹುಟ್ಟಿದ್ದು ಅಲ್ಲಿ.

ಊಟವಾದ ಮೇಲೆ ಎಲ್ಲ ಹೇಳಿಬಿಟ್ಟೆ. ಪುಸ್ತಕ, ಸಿನಿಮಾ, ಗುರುಗಳು ಬರೆದದ್ದು, ಎಲ್ಲವನ್ನೂ. ಫೋಟೋದ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅಕ್ಕ ಶೇಂಗಾ ಸುಲಿಯುತ್ತ ಕೇಳಿದಳು. ಇವಳು ಈಗ ಅಳುತ್ತಾಳೋ, ಎದ್ದು ಹೋಗು ಎನ್ನುತ್ತಾಳೋ ಎಂದು ನಾನು ಕಾಯುತ್ತಿದ್ದೆ. ಅವಳು ಸಿಪ್ಪೆಯನ್ನು ಉಡಿಯಿಂದ ಝಾಡಿಸಿ ಎದ್ದಳು.

"ನಾಳಿ ಆಟಕ್ಕ ನಾನೂ ಬರ್ತೀನಿ. ಶಾರದಾನೂ ಬರ್ತಾಳ. ನೋಡೇ ಮಾತಾಡ್ತೀನಿ ನಾ."

ಮೂರು ಊರಿನ ವಿಮರ್ಶೆಗೆ ಹೆದರದವಳಿಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಟಾಕೀಸು, ಮೂರು ಗಂಟೆಯ ಆಟ

ಸಿನಿಮಾದ ಮೊದಲ ಆಟ, ಜನಾನಾ ತುಂಬಿತ್ತು. ಬುರ್ಖಾ ಮೇಲೆತ್ತಿ ಕೂತವರು, ಸೆರಗು ಹೊದ್ದು ಕೂತವರು, ಎಲ್ಲರ ಮಡಿಲಲ್ಲೂ ಪಕ್ಕದಲ್ಲೂ ಮಕ್ಕಳು. ಎಲೆಯಡಿಕೆ, ಪುಟಾಣಿ, ನೀರಿನ ತಂಬಿಗೆ, ಯಾವುದಕ್ಕೂ ಕೊರತೆಯಿಲ್ಲ. ಹುಸೇನಬಿ ಪರದೆಯ ಹಗ್ಗ ಹಿಡಿದು ಕಟಾಂಜನದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಸೊಸೆ ಮೊಮ್ಮಗನನ್ನು ಅವಳ ತೊಡೆಗೆ ಹಾಕಿ ತಾನು ಆರಾಮಾಗಿ ಮುಂದೆ ಕೂತಳು. ನನ್ನ ಎಡಕ್ಕೆ ಅಕ್ಕ, ಅವಳಾಚೆ ಶಾರದಾ. ದೀಪ ಆರಿತು, ಹುಸೇನಬಿ ಪರದೆ ಸರಿಸಿದಳು.

ಮೊದಲರ್ಧ ಗಂಟೆ ಜನಾನಾ ಸಿನಿಮಾದ ಜೊತೆ ಮಾತಾಡುತ್ತಲೇ ಇತ್ತು. ತಾಯಿಯ ಪಾತ್ರ ಮಾಡಿದ ನಟಿ ರೊಟ್ಟಿ ಬಡಿಯುವುದನ್ನು ಕಂಡು ಇಡೀ ಜನಾನಾ ನಕ್ಕಿತು. ಆ ಕೈಗೆ ರೊಟ್ಟಿ ಬರುವುದಿಲ್ಲ, ಮದರಾಸಿನ ಕೈ ಅದು ಎಂದು ಹಿಂದಿನವಳು ತೀರ್ಪು ಕೊಟ್ಟಳು. ಈ ತಪ್ಪು ನಮ್ಮ ಮೂವರು ವಿಮರ್ಶಕರಿಗೂ ಹೊಳೆದಿರಲಿಲ್ಲ. ಗಂಡಸರ ಕಡೆಯಿಂದ ಸಿಳ್ಳೆ ಬರುತ್ತಿತ್ತು, ಬೀಡಿಯ ಹೊಗೆ ಬರುತ್ತಿತ್ತು.

ಮಧ್ಯಂತರಕ್ಕೆ ಸ್ವಲ್ಪ ಮುಂಚೆ ಆ ದೃಶ್ಯ. ಮನೆಯಲ್ಲಿ ತಾಯಿ, ಕೂಸು. ಬಾಗಿಲು ಬಡಿಯುತ್ತದೆ. ಹಿಂದೆ ಸಂಗೀತವಿಲ್ಲ, ಬಡಿಯುವುದು ಮಾತ್ರ. ಹುಬ್ಬಳ್ಳಿಯಲ್ಲಿ ಈ ಹೊತ್ತಿಗೆ ಜನ ಕೆಮ್ಮಿದ್ದರು, ಯಾರೋ ದೆವ್ವ ಎಲ್ಲಿ ಎಂದು ಕೂಗಿ ನಗಿಸಿದ್ದರು. ಇಲ್ಲಿ ಸಿಳ್ಳೆ ನಿಂತಿತು. ಬೀಡಿ ಸೇದುವುದೂ ನಿಂತಿತೋ ಏನೋ. ಎರಡನೆಯ ಸಲ ಬಡಿಯಿತು. ಬಹಳ ಹೊತ್ತು ಬಿಟ್ಟು ಮೂರನೆಯ ಸಲ. ತಾಯಿ ಎರಡೂ ಕೈಯಿಂದ ಕೂಸಿನ ಬಾಯಿ ಮುಚ್ಚಿದಳು. ಅಲ್ಲಿಗೆ ಮಧ್ಯಂತರ, ಫಕ್ಕನೆ ದೀಪ ಹತ್ತಿತು.

ಪರದೆ ಎಳೆದಿರಲಿಲ್ಲ.

ಹುಸೇನಬಿಯ ಕೈಯಲ್ಲಿ ಹಗ್ಗ ಇರಲಿಲ್ಲ. ಆ ಕೈ ಮೊಮ್ಮಗನ ಬಾಯಿಯ ಮೇಲಿತ್ತು. ನಾನು ತಿರುಗಿ ನೋಡಿದೆ. ಸಾಲು ಸಾಲಾಗಿ ಇಡೀ ಜನಾನಾದಲ್ಲಿ ತಾಯಂದಿರ ಕೈ ಮಕ್ಕಳ ಬಾಯಿಯ ಮೇಲಿತ್ತು. ಬುರ್ಖಾದವರದೂ, ಸೆರಗಿನವರದೂ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಒಬ್ಬಳ ಮಡಿಲಲ್ಲಿ ಮಕ್ಕಳಿರಲಿಲ್ಲ, ಅವಳು ತನ್ನ ಬಾಯಿಯನ್ನೇ ಮುಚ್ಚಿಕೊಂಡಿದ್ದಳು. ಒಂದು ಮಗುವೂ ಅಳಲಿಲ್ಲ.

ಹಾಲಿನ ಗಂಡಸರೆಲ್ಲ ಇತ್ತ ತಿರುಗಿದ್ದರು. ತೆರೆದ ಜನಾನಾ ಅವರ ಕಣ್ಣಿಗೆ ಬಿದ್ದದ್ದು ಅದೇ ಮೊದಲು.  ಮುಂದಿನ ಸಾಲಿನ ಒಬ್ಬ ಹಿರಿಯರು ಮೊದಲು ತಲೆ ತಗ್ಗಿಸಿದರು. ಆಮೇಲೆ ಅವರ ಹಿಂದಿನವರು, ಹಾಗೆಯೇ ಎಡಗಡೆಯವರು, ಬಲಗಡೆಯವರು. ಎಲ್ಲರೂ ತಮ್ಮ ತಮ್ಮ ಕಾಲು ನೋಡುತ್ತ ಕೂತರು. ಹುಸೇನಬಿಗೆ ಎಚ್ಚರವಾಗಿ ಹಗ್ಗ ಎಳೆಯುವ ಹೊತ್ತಿಗೆ ನನ್ನ ಕಣ್ಣಿನಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ. ಹೆಮ್ಮೆಯಿಂದ ಅತ್ತೆ, ಸಂಕಟದಿಂದಲೂ ಅತ್ತೆ, ಯಾವುದು ಎಷ್ಟು ಎಂದು ಈಗಲೂ ಹೇಳಲಾರೆ.

ಕಣ್ಣೊರಸಿಕೊಂಡು ಅಕ್ಕನ ಕಡೆ ನೋಡಿದೆ. ಅವಳ ಎಡಗೈ ಶಾರದಾಳ ಬಾಯಿಯಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ. ಬಲಗೈಯಲ್ಲಿ ಹಿತ್ತಾಳೆಯ ತಂಬಿಗೆಯನ್ನು ಕಂಠ ಹಿಡಿದು ಭುಜದ ಮಟ್ಟಕ್ಕೆ ಎತ್ತಿದ್ದಳು. ನೀರು ಚೆಲ್ಲಿ ಅವಳ ಸೀರೆ, ನನ್ನ ಸೀರೆ ಎರಡೂ ತೊಯ್ದಿದ್ದವು. ನನಗೆ ಅದರ ಅರ್ಥ ಆಗ ಆಗಲಿಲ್ಲ.

ಆಟ ಮುಗಿದ ಮೇಲೆ ಕರೀಂ ಸಾಹೇಬರು ಹುಸೇನಬಿಯನ್ನು ಆಫೀಸಿಗೆ ಕರೆಸಿದರು. ಪರದೆಯ ತಪ್ಪಿಗೆ ಕೆಲಸ ಹೋಗುತ್ತದೆಂದು ಅವಳು ಅಂದುಕೊಂಡಿರಬೇಕು, ಆದರೆ ತಲೆ ತಗ್ಗಿಸದೆ ನಿಂತಿದ್ದಳು. ಸಾಹೇಬರು ಪರದೆಯ ಸುದ್ದಿಯನ್ನೇ ಎತ್ತಲಿಲ್ಲ. ಬಾಗಿಲು ಬಡಿದವರು ಯಾರೆಂದು ಜನಾನಾ ಕೇಳಿತೋ ಎಂದು ಮಾತ್ರ ವಿಚಾರಿಸಿದರು.

"ಯಾರೂ ಕ್ಯೋಳಿಲ್ಲ ಸಾಬ್. ಸಬ್ಕೂ ಮಾಲೂಮ್ ಹೈ. ಮರ್ದಾನಾದಾಗ ಕ್ಯೋಳ್ರಿ, ಅವರಿಗಿ ಇನ್ನೂ ಛಲೋ ಗೊತ್ತದ."

ಸಾಹೇಬರು ಲೆಕ್ಕದ ಪುಸ್ತಕ ಮುಚ್ಚಿದರು. ಆಮೇಲೆ ಸಿನಿಮಾ ಮುಂದುವರಿಯುತ್ತದೆ ಎಂದರು.

ಕೋಟೆ

ಸಂಜೆ ಇನ್ನೂ ಬಿಸಿಲಿತ್ತು. ಅಕ್ಕನಿಗೆ ಬಯಲಿನಲ್ಲಿ ಕೂರಬೇಕಿತ್ತು. ಕೋಟೆಯ ಒಳಗೆ ಜಾಮಾ ಮಸೀದಿಯ ಆಚೆ, ಗೋಡೆಯ ನೆರಳಿನಲ್ಲಿ ಕೂತೆವು. ಶಾರದಾ ಬುರುಜು ಹತ್ತಲು ಹೋದಳು. ನಾನು ನಿರ್ಮಾಪಕರ ಕಾಗದ ತೆಗೆದು, ಫೋಟೋದ ಸಂಗತಿಯನ್ನೂ ಹೇಳಿದೆ. ನೀನು ಬೇಡ ಎಂದರೆ ಬೇಡ, ಆಗ ಅವರು ದೆವ್ವ, ಸ್ವಾಮಿ ಎರಡನ್ನೂ ತಂದು ಕೊನೆಗೆ ಅಂಟಿಸುತ್ತಾರೆ ಎಂದೆ. ಅಕ್ಕ ಕಾಗದವನ್ನು ಮುಟ್ಟಲಿಲ್ಲ. ಅವಳು ಬೇರೆಯದನ್ನೇ ಶುರು ಮಾಡಿದಳು.

"ನೀ ತಪ್ಪು ಬರ್ದೀದಿ, ಸುಶೀ. ಎರಡೂ ಕೈ ಅಂತ ಬರ್ದೀದಿ. ಎಡಗೈ ಅಷ್ಟೇ ಅಕಿ ಬಾಯಿ ಮ್ಯಾಲ ಇತ್ತು. ಬಲಗೈಯಾಗ ಕುಡಗೋಲು ಇತ್ತು, ಬಾಳಿ ಗೊನಿ ಕೊಯ್ಯೋದು. ಕೂಸು ಅತ್ತರ ಹೊರಗಿನ ಸಪ್ಪಳ ನನಗ ಕೇಳಂಗಿಲ್ಲ. ಎಷ್ಟು ಮಂದಿ ಬಂದಾರ, ಯಾ ಕಡಿ ನಿಂತಾರ ಅಂತ ತಿಳಿಬೇಕಿತ್ತು. ಮೊದಲ ಒಳಗ ಕಾಲಿಟ್ಟವನ್ನ ನಾ ಬಿಡ್ತಿದ್ದಿಲ್ಲ."

ನಾನು ಕಣ್ಣಾರೆ ಕಂಡದ್ದು ಎರಡು ಕೈ ಎಂದೆ, ದನಿ ನನಗೇ ಸಣ್ಣದಾಗಿ ಕೇಳಿಸಿತು.

"ನೀ ನೋಡಿದ್ದು ಆಮ್ಯಾಲಿಂದು. ಕುಡಗೋಲು ಗೋಡಿಗಿ ಸಿಗಿಸಿದ ಮ್ಯಾಲ ಎರಡೂ ಕೈ ಖಾಲಿ ಆಗಿದ್ವು."

ಆಮೇಲೆ ಅವಳು ನನಗೆ ಎಂದೂ ಹೇಳದ ಇನ್ನೊಂದನ್ನು ಹೇಳಿದಳು. ಕಾರ್ಯಾಚರಣೆ ಆದ ವಾರದಲ್ಲಿ, ಗದ್ದಲ ಮುಸಲ್ಮಾನರ ಮನೆಗಳ ಕಡೆ ತಿರುಗಿದಾಗ, ಪಕ್ಕದ ಮನೆಯ ಖಾಜಾಬಿ ತನ್ನ ಮೂರು ವರ್ಷದ ಮಗನನ್ನು ಎತ್ತಿಕೊಂಡು ಹಿತ್ತಲ ಗೋಡೆ ಹಾರಿ ಅಕ್ಕನ ಮನೆಗೆ ಬಂದಿದ್ದಳು. ಅಂದು ಮತ್ತೆ ಬಾಗಿಲು ಬಡಿಯಿತು. ಹುಡುಗನನ್ನು ಅಕ್ಕ ತಾನೇ ತೊಡೆಗೆ ಎಳೆದುಕೊಂಡು ಅವನ ಬಾಯಿ ಮುಚ್ಚಿದಳು. ಬಾಗಿಲ ಹೊರಗಿನ ಒಂದು ದನಿ ಅಕ್ಕನಿಗೆ ಗುರುತಿನದಾಗಿತ್ತು, ಹಬ್ಬಕ್ಕೆ ಮನೆಗೆ ಬಂದು ಉಂಡು ಹೋದವರದು.

"ಬಡದವರು ಬ್ಯಾರೆ. ಕುಡಗೋಲು ಅದೇ," ಎಂದಳು ಅಕ್ಕ.

ಟಾಕೀಸಿನಲ್ಲಿ ಅವಳು ಎತ್ತಿ ಹಿಡಿದ ತಂಬಿಗೆಯ ಅರ್ಥ ನನಗೆ ಆಗ ಆಯಿತು. ನಾನು ಬರೆದ ತಾಯಿ ಬರೀ ಹೆದರಿದವಳು. ಹೆದರಿಕೆಯನ್ನು ಕಂಡೆ, ಅದನ್ನು ಚೆನ್ನಾಗಿ ಬರೆದೆ, ಅದಕ್ಕಾಗಿ ಮೂರು ಊರಿನವರ ಜೊತೆ ಜಗಳಕ್ಕೂ ನಿಂತೆ. ಅವಳ ಸಿಟ್ಟು ನನಗೆ ಕಾಣಲೇ ಇಲ್ಲ. ಒಡಹುಟ್ಟಿದವಳನ್ನು ಇಷ್ಟು ಅರ್ಧ ನೋಡಿದ್ದೆನಲ್ಲ ಎನಿಸಿತು. ಸಿನಿಮಾ ನೋಡಿ ಬೇಜಾರಾಯಿತೇ ಎಂದು ಕೇಳಿದೆ. ಅದು ತನ್ನ ಕಥೆಯಲ್ಲ, ರೊಟ್ಟಿ ಬಾರದ ಯಾವಳದೋ ಕಥೆ ಎಂದಳು. ಆದರೆ ಬಾಗಿಲು ಬಡಿದದ್ದು ಮಾತ್ರ ಖರೆ ಎಂದಳು.

ಫೋಟೋಕ್ಕೆ ಏನು ಹೇಳಲಿ ಎಂದು ಕಡೆಗೆ ಕೇಳಿದೆ.

"ನಿನ್ನ ಮಾಸ್ತರಿಗಿ ನನ್ನ ಮಾರಿ ಯಾಕ ಬೇಕು? ನಾ ಏನು ಕೊಡ ಮಾರೋಳಾ, ಬಡದು ನೋಡಿ ತಗೊಳ್ಳಾಕ? ಅವರದೇ ಫೋಟೋ ನನಗ ಕಳಸು ಅನ್ನು. ಆ ವರ್ಷ ಅವರು ಎಲ್ಲಿ ಇದ್ರು ಅಂತ ನಾ ಕ್ಯೋಳ್ತೀನಿ."

ಬುರುಜಿನ ಮೇಲಿಂದ ಶಾರದಾ ನಮ್ಮಿಬ್ಬರನ್ನೂ ದೊಡ್ಡ ದನಿಯಲ್ಲಿ ಕೂಗುತ್ತಿದ್ದಳು. ಅಕ್ಕ ಅವಳಷ್ಟೇ ದೊಡ್ಡ ದನಿಯಲ್ಲಿ ಓಗೊಟ್ಟಳು.

ಧಾರವಾಡ

ಸಹಿ ಮಾಡದ ಕಾಗದವನ್ನು ನಾನು ಕಲಬುರಗಿಯಿಂದಲೇ ಮದರಾಸಿಗೆ ವಾಪಸು ಕಳಿಸಿದೆ. ಹೆಸರಿಲ್ಲ, ಫೋಟೋ ಇಲ್ಲ, ಸ್ವಾಮಿಗೂ ಒಪ್ಪಿಗೆಯಿಲ್ಲ. ಬಾಗಿಲು ತೆರೆದು ದೆವ್ವ ತೋರಿಸುವುದಾದರೆ ನನ್ನ ಹೆಸರನ್ನು ತೆಗೆಯಿರಿ ಎಂದು ಬರೆದೆ. ಒಂದೇ ಒಂದು ದೃಶ್ಯವನ್ನು ತಿದ್ದಬೇಕು, ತಾಯಿಯ ಬಲಗೈಯನ್ನು ಬಿಡಿಸಿಕೊಡಿ, ಕುಡುಗೋಲು ನಾನೇ ತಂದುಕೊಡುತ್ತೇನೆ ಎಂದೂ ಸೇರಿಸಿದೆ. ಅವರು ಒಂದು ವಾರ ಯೋಚಿಸಿ ನನ್ನ ಹೆಸರನ್ನು ತೆಗೆದರು. ಈಗ ಬಳ್ಳಾರಿಯಲ್ಲಿ, ದಾವಣಗೆರೆಯಲ್ಲಿ ದೆವ್ವ ಬರುತ್ತದಂತೆ, ವಿಭೂತಿಗೆ ಜನ ಚಪ್ಪಾಳೆ ತಟ್ಟುತ್ತಾರಂತೆ. ಹುಬ್ಬಳ್ಳಿಯ ವಿಮರ್ಶಕರು ಸಿನಿಮಾ ಬಹಳ ಸುಧಾರಿಸಿದೆ ಎಂದು ಬರೆದಿದ್ದಾರೆ. ಕರೀಂ ಸಾಹೇಬರು ಮಾತ್ರ ಹೊಸ ರೀಲನ್ನು ಡಬ್ಬಿ ಬಿಚ್ಚದೆ ತಿರುಗಿ ಕಳಿಸಿದರಂತೆ, ಹುಸೇನಬಿ ಒಪ್ಪುವುದಿಲ್ಲ ಎಂದು ಚೀಟಿ ಬರೆದು.

ಗುರುಗಳ ಮನೆಗೂ ಹೋಗಿದ್ದೆ. ತಾಯಿಯನ್ನು ಕರೆತಂದಿರೇನು ಎಂದು ನಗುತ್ತಲೇ ಕೇಳಿದರು. ಕರೆತರುವುದಿಲ್ಲ ಎಂದೆ. ಹಾಗಾದರೆ ತಮ್ಮ ಮಾತೇ ಸರಿಯಾಗಿ ನಿಂತಿತು ಎಂದರು. ನಿಲ್ಲಲಿ. ಅವರು ಬರೆದ ಎರಡು ಪುಟದಲ್ಲಿ ನನ್ನ ನೂರು ತಪ್ಪು ಇವೆ, ನಿಜವಾಗಿ ಇದ್ದ ಒಂದು ತಪ್ಪು ಇಲ್ಲ. ಅದನ್ನು ಹೇಳಿದವಳು ಮೂರು ಗಂಟೆಯ ಆಟಕ್ಕೆ ಜನಾನಾದಲ್ಲಿ ಕೂತಿದ್ದಳು.

ಕಾದಂಬರಿಯ ಎರಡನೆಯ ಮುದ್ರಣ ಈಗ ಅಚ್ಚಿನಲ್ಲಿದೆ. ಬಾಗಿಲು ಇನ್ನೂ ಮುಚ್ಚಿಯೇ ಇದೆ, ಬಡಿದವರ ಹೆಸರನ್ನು ನಾನು ಈಗಲೂ ಬರೆದಿಲ್ಲ. ತಿದ್ದಿದ್ದು ಒಂದೇ ಸಾಲು. ಅವಳ ಎಡಗೈ ಕೂಸಿನ ಬಾಯಿಯ ಮೇಲಿದೆ, ಬಲಗೈಯಲ್ಲಿ ಕುಡುಗೋಲಿದೆ. ಬಡಿಯುವವರು ಈಗ ಬಂದು ಬಡಿಯಲಿ.